ಹೊಳೆಯ ಬಳಿ

ಮತ್ತೊಮ್ಮೆ ಓದಿಸಲೇ, ಬೇಡವೇ? ಹೆಚ್ಚು ತಿದ್ದಿದರೆ ಅಕ್ಕನ ದನಿ ಬಾಡಿಹೋಗುತ್ತದೆ. ತಿದ್ದದೆ ಬಿಟ್ಟರೆ, ಊಟಕ್ಕೆ ಮುಂಚೆ ಮ್ಯಾನೇಜರ್ ಬಂದು ಕೇಳಿ, ಬೇರೆ ಯಾರನ್ನಾದರೂ ನೋಡಿ ಅನ್ನುತ್ತಾರೆ. ಅವನು ಹೆಡ್‌ಫೋನ್ ಹಾಕಿಕೊಂಡು ತೂಗಿ ನೋಡುತ್ತಿದ್ದ. ಮಕ್ಕಳ ಕತೆಗಳನ್ನು ಓದಿಸಿ ರೆಕಾರ್ಡ್ ಮಾಡುವುದು ಅವನ ಕೆಲಸ. ಇವತ್ತು ಅಕ್ಕನ ಪರೀಕ್ಷೆ. ಮದುವೆಯಾದ ಮೇಲೆ ಮನೆಯಾಚೆ ಅವಳು ಕೈಹಾಕಿದ ಮೊದಲ ಕೆಲಸ. ನಿನ್ನೆಯಿಂದ ಅವಳಿಗೆ ಊಟ ಸೇರಿರಲಿಲ್ಲ.

ಗಾಜಿನ ಆಚೆ ಅಕ್ಕ ಮೈಕಿಗೆ ಓದಿದಳು: "ಹೊಳ್ಳೆಯ ಬಳ್ಳಿ ಒಂದು ಮನೆ ಇತ್ತು."

ಹಾಳೆಯಲ್ಲಿದ್ದದ್ದು 'ಹೊಳೆಯ ಬಳಿ'.

"ಅಕ್ಕಾ, ಮೂಗಿನಲ್ಲಿ ಬಳ್ಳಿ ಬೆಳೀತಲ್ಲ!"

"ಹೊಳೆ ಅಂತ ತಾನೇ ಅಂದೆ? ನಿನ್ನ ಕಿವಿ ತೊಳ್ಕೋ ಹೋಗು."

"ಸರಿ, ಮುಂದೆ ಓದು."

"ಕೇಳಿ ಮಕ್ಕಳೇ, ಇದು ಬಹಳ ಹಳೆಯ ಕತ್ತೆ."

"ಯಾರು, ನಾನಾ? ಮ್ಯಾನೇಜರಾ?"

ಅಕ್ಕ ನಕ್ಕಳು, ಮತ್ತೆ ಹಾಳೆ ಎತ್ತಿ ಹಿಡಿದಳು.

ನಮ್ಮ ಮಾತಿನಲ್ಲಿ ಒತ್ತು ಹಗುರ. ಮೊದಲ ಅಕ್ಷರದ ಮೇಲೆ ಭಾರ ಹೇರಿದರೆ ಪಕ್ಕದ್ದು ಸುಮ್ಮನಿರುವುದಿಲ್ಲ, ಇಮ್ಮಡಿಯಾಗಿ ಎದ್ದು ಕೂರುತ್ತದೆ, ಕತೆ ಕತ್ತೆಯಾಗುತ್ತದೆ. ಅದು ಅವನಿಗೆ ಗೊತ್ತಿತ್ತು. ಅಕ್ಕ ಯಾಕೆ ಅಕ್ಷರಗಳನ್ನು ಹೀಗೆ ಗುದ್ದುತ್ತಾಳೆ ಅನ್ನುವುದು ಗೊತ್ತಿರಲಿಲ್ಲ. ಅವಳು ಪ್ರತಿ ಸಾಲಿಗೂ ತಲೆಯೆತ್ತಿ ಅವನ ಪಕ್ಕಕ್ಕೆ ನೋಡುತ್ತಿದ್ದಳು. ಅಲ್ಲಿ ಸ್ಟೂಲಿನ ಮೇಲೆ ಅವಳ ಅತ್ತೆ. ಸೊಸೆಯ ಓದು ನೋಡಲೇಬೇಕೆಂದು ಹಟ ಹಿಡಿದು ಬಂದಿದ್ದ ಅವರಿಗೆ ಕಿವಿ ಮಂದ. ಸೊಸೆಯ ತುಟಿ ಆಡಿದಂತೆ ಅವರ ತುಟಿಯೂ ಆಡುತ್ತಿತ್ತು. ಇಷ್ಟು ವರ್ಷ ಮನೆಯಲ್ಲಿ ಅಕ್ಕ ಆಡಿದ್ದೆಲ್ಲ ಈ ಕಿವಿಗೆ ಮುಟ್ಟಲೆಂದು ಆಡಿದ ಮಾತು. ಈಗಲೂ ಅವಳು ಓದುತ್ತಿದ್ದದ್ದು ಅತ್ತೆಗೇ.

ಅವರನ್ನು ಹೊರಗೆ ಕಳಿಸುವಂತಿರಲಿಲ್ಲ. ಅವನು ತುಸು ಯೋಚಿಸಿದ.

"ಅಕ್ಕಾ, ಹಾಳೆ ಮೇಲೆ ನೆರಳು ಬೀಳ್ತಿದೆ. ಕುರ್ಚಿ, ಮೈಕು ಎರಡನ್ನೂ ಗೋಡೆ ಕಡೆ ತಿರುಗಿಸ್ಕೋ. ಹಾಂ, ಹಾಗೆ. ಈಗ ನಾನು ಚಿಕ್ಕವನು, ನಿದ್ದೆ ಬರ್ತಿಲ್ಲ. ಅಮ್ಮ ಏಳದ ಹಾಗೆ ಕತೆ ಹೇಳು."

"ಆಗ್ಲೂ ಅರ್ಧಕ್ಕೇ ಗೊರಕೆ ಹೊಡೀತಿದ್ದೆ, ಕುಂಭಕರ್ಣ."

"ಹೊಡೆಯಲ್ಲ, ಓದು."

ಅಕ್ಕ ಗೋಡೆಗೆ ಮುಖ ಮಾಡಿ ಕೂತಳು. ಅವನು ರೆಕಾರ್ಡ್ ಗುಂಡಿ ಒತ್ತಿದ. ಆಮೇಲೆ ಹೆಡ್‌ಫೋನಿನಲ್ಲಿ ದನಿ ಮೆಲ್ಲಗೆ ಬಂತು: ಹೊಳೆಯ ಬಳಿ ಒಂದು ಮನೆ ಇತ್ತು. ಹೊಳೆ ಹೊಳೆಯಾಗಿಯೇ ಹರಿಯಿತು. ಕೊನೆಯ ಸಾಲಿನವರೆಗೆ ಅವನು ಮತ್ತೆ ಗುಂಡಿ ಮುಟ್ಟಲಿಲ್ಲ.

ಮ್ಯಾನೇಜರ್ ಬಂದು ನಿಂತುಕೊಂಡೇ ಕೇಳಿದರು, ಆಮೇಲೆ ಕೂತು ಕೇಳಿದರು. "ಇವರೇ ಇರ್ಲಿ. ಸೋಮವಾರದಿಂದ ಬರೋಕೆ ಹೇಳಿ," ಅಂದು ಊಟಕ್ಕೆ ಹೋದರು.

ಅಕ್ಕ ಬಾಗಿಲು ತಳ್ಳಿಕೊಂಡು ಓಡಿಬಂದಳು. "ಅತ್ತೇ, ಕೆಲ್ಲಸ ಸಿಕ್ಕಿತು!"

"ಯಾಕೇ ಕಿರುಚ್ತೀಯಾ? ನಾನೇನು ಕಿವುಡೀನಾ?" ಅಂದರು ಅತ್ತೆ. ಆದರೂ ಸೊಸೆಯ ಕೈ ಹಿಡಿದುಕೊಂಡರು, ಬಿಡಲಿಲ್ಲ.

ಅಕ್ಕ ಅವನ ಕಡೆ ತಿರುಗಿದಳು. "ನಿಜ ಹೇಳು, ಚೆನ್ನಾಗಿತ್ತೇನೋ?"

"ಪರವಾಗಿಲ್ಲ," ಅಂದ, ವೈರು ಸುತ್ತುತ್ತಾ.

ಅವಳು ಮದುವೆಯಾಗಿ ಹೋದ ಮೇಲೆ, ಮನೆ ತುಂಬ ಜನರಿದ್ದರೂ ಆ ಮೆಲುದನಿಯಿಲ್ಲದೆ ತನಗೆ ಇಷ್ಟು ವರ್ಷ ಬಿಕೋ ಅನ್ನಿಸಿತ್ತು ಎಂದು ಅವನು ಅಕ್ಕನಿಗೆ ಹೇಳಲಿಲ್ಲ.