ಮಾನಿಟರಿನ ನಡುವಿನ ಕಲೆ

"ಮೌಸ್ ಹೋದಲ್ಲಿಗೆ ಅದೂ ಹೋತ್ತ್ ಮಾರಾಯ! ಎಡಕ್ಕೆ ಹೋರೆ ಎಡಕ್ಕೆ, ಬಲಕ್ಕೆ ಹೋರೆ ಬಲಕ್ಕೆ. ಸಾಕಿದ್ ನಾಯಿಮರಿ ಕಂಡಾಂಗೆ!"

ಚಂದು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಕೂಗುತ್ತಿದ್ದ. ಕೋಟದ ಬಸ್ ಸ್ಟಾಪಿನ ಎದುರು ಅವನ ಫೋಟೋ ಸ್ಟುಡಿಯೋ. ಹೈವೇ ಬಾಗಿಲಲ್ಲೇ ಇರುವಾಗ ಕೂಗದೆ ಮಾತಾಡುವುದಾದರೂ ಹೇಗೆ? ಆ ತುದಿಯಲ್ಲಿದ್ದವನು ಕುಂದಾಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ರತೀಶ್.

"ಮೌಸ್ ಒಟ್ಟಿಗೆ ಹೋತ್ತ್ ಅಂದ್ರೆ ಮಾನಿಟರ್ ಅಲ್ಲ ಚಂದಣ್ಣ, ಕಾರ್ಡೇ. ಕೇಬಲ್ ಸಮಾ ಹಾಕಿರ್ಯಲ್ದಾ? ಮೊನ್ನೆ ಹಾಂಗೆ ಹಳೇ ತೂತಿಗೆ ಹಾಕಿ, ಪಿಕ್ಚರೇ ಬತ್ತಿಲ್ಲ ಅಂತ ಬೊಬ್ಬೆ ಹಾಕ್ಬೇಡಿ ಮತ್ತೆ."

"ಹೊಸ ಕಾರ್ಡಿಗೇ ಹಾಕಿದ್ದೆ. ನಂಗೆಂತ ತಲೆ ಇಲ್ಯಾ?"

ಆ ಗ್ರಾಫಿಕ್ಸ್ ಕಾರ್ಡ್ ಮಗಳು ನಿಖಿತಾ ಕೊಡಿಸಿದ್ದು. ಮೊನ್ನೆ ಮೊನ್ನೆ ಮದುವೆಯಾಗಿ ಬೈಂದೂರಿಗೆ ಹೊರಟವಳು, ದಾರಿಯಲ್ಲಿ ಕಾರು ನಿಲ್ಲಿಸಿ ಸ್ಟುಡಿಯೋಕ್ಕೆ ಓಡಿಬಂದು, ಪೆಟ್ಟಿಗೆಯನ್ನು ಕೀಬೋರ್ಡಿನ ಮೇಲಿಟ್ಟಿದ್ದಳು. "ಅಪ್ಪಯ್ಯ, ಊರಿನವ್ರದ್ದೆಲ್ಲ ಆಯ್ಲಿ, ನನ್ನ ಆಲ್ಬಮ್ ಕಡಿಕೆ ಸಾಕ್. ಆದ್ರೆ ನೀವೇ ಮಾಡ್ಕ್. ಬೇರೆಯವ್ರಿಗೆ ಕೊಟ್ರೆ ನಾ ಮಾತೇ ಆಡುದಿಲ್ಲ." ಹಂಗಾರಕಟ್ಟೆಯಿಂದ ತಲ್ಲೂರಿನವರೆಗೆ ಎಷ್ಟು ಮದುಮಕ್ಕಳ ಮುಖದ ಬೆವರು ಒರೆಸಿ, ಬಣ್ಣ ತಿದ್ದಿ ಚೆಂದ ಮಾಡಿಕೊಟ್ಟವನು ಚಂದು! ಸ್ವಂತ ಮಗಳದ್ದಕ್ಕೆ ಸೀಸನ್ ಮುಗಿಯಲಿ, ನಿಧಾನವಾಗಿ ಮನಸ್ಸಿಟ್ಟು ಕೂರುತ್ತೇನೆ ಎಂದುಕೊಂಡಿದ್ದ. ಕೂತರೆ ಈ ಕರ್ಮ.

ಕಾರ್ಡ್ ಹಾಕಿದ ವಾರದಿಂದ ಪರದೆಯ ನಡುವೆ ಹೊಗೆ ಕಟ್ಟಿದ ಹಾಗೆ ಬೂದು ಕಲೆ. ಧಾರೆಯ ಫೋಟೋ ತೆರೆದರೆ ಸೀರೆಯ ಅಂಚು ಕಾಣುತ್ತದೆ, ಜಡೆಯ ಮಲ್ಲಿಗೆ ಕಾಣುತ್ತದೆ, ಮುಖ ಇರಬೇಕಾದಲ್ಲಿ ಮಾತ್ರ ಕಲೆ. ನೆಟ್ಟಗಿದ್ದ ಮಂಟಪದ ಕಂಬ ಸೊಟ್ಟ. ಕಾರ್ಡಿನ ಡ್ರೈವರ್ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದ. ಕಾರ್ಡ್ ಕಿತ್ತು, ಧೂಳು ಊದಿ, ಒತ್ತಿ ಕೂರಿಸಿದ. ಯಾವನೋ ಹಾಳು ಮಾಲನ್ನು ತನ್ನ ಮಗಳ ತಲೆಗೆ ಕಟ್ಟಿದ್ದಾನೆಂದು ಹೊಟ್ಟೆ ಉರಿಯುತ್ತಿತ್ತು. ಅವಳಿಗೆ ಹೇಳುವ ಹಾಗೂ ಇಲ್ಲ. ಆಲ್ಬಮ್ ಆಯ್ತಾ ಎಂದು ಫೋನು ಮಾಡಿದಾಗಲೆಲ್ಲ, "ಆತ್ ಮಗಾ, ಆತ್" ಎನ್ನುತ್ತಿದ್ದ.

"ಒಂದ್ ಸ್ಕ್ರೀನ್‌ಶಾಟ್ ಕಳ್ಸಿ, ಕಾಂಬ," ಎಂದ ರತೀಶ್. ಕಳಿಸಿದ. "ಇದ್ರಗೆ ಕಲೆ ಇಲ್ಲ. ಹಾಂಗಾರೆ ಮಾನಿಟರೇ ಏನೋ. ಮೊಬೈಲಲ್ಲಿ ಪರದೆದ್ದೇ ಒಂದ್ ಫೋಟೋ ಹೊಡ್ದ್ ಹಾಕಿ. ಕಲೆ ಬಿದ್ದಿದ್ರೆ ನಾಳೆ ಬೇರೆ ಮಾನಿಟರ್ ತಕಂಡ್ ನಾನೇ ಬತ್ತೆ."

ಚಂದು ಫೋಟೋ ಹೊಡೆದು ಮೊಬೈಲನ್ನು ಮೂಗಿನ ಹತ್ತಿರ ಹಿಡಿದ. ಇದೆ! ಅದೇ ಬೂದು, ಅದೇ ಜಾಗ. ಖುಷಿಯಿಂದ ತೊಡೆ ತಟ್ಟಿಕೊಂಡು ರತೀಶನಿಗೆ ಕಳಿಸಿದ. "ಬಂತ್ ಕಾಣ್! ಫೋಟೋದಲ್ಲೇ ಬಿತ್ತ್! ನಾ ಹೇಳಿದ್ ಸುಳ್ಳಾ?"

ಒಂದು ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು.

"ಚಂದಣ್ಣ, ಇದ್ರಗೂ ಎಂತ ಇಲ್ಲ."

"ಸಮಾ ಕಾಣ್ ಮಾರಾಯ! ನಡುಕೆ, ಮುಖದ ಮೇಲೆ!"

"ದೊಡ್ಡ ಮಾಡಿಯೇ ಕಂಡೆ. ನಿಖಿತಾ ನೆಗಾಡ್ತಾ ಇದ್ಳ್, ಲಾಯ್ಕ್ ಇತ್ತ್." ರತೀಶನ ದನಿ ತಗ್ಗಿತು. "ಅಣ್ಣ, ನಿಮ್ಗೆ ಮೊಬೈಲಲ್ಲೂ ಕಲೆ ಕಾಣ್ತಾ?"

ಚಂದು ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದ. ಸುತ್ತ ಅಂಕಿಗಳಿದ್ದವು, ನಡುವೆ ಮುಳ್ಳುಗಳಿರಲಿಲ್ಲ. ಅಂಗೈ ಬಿಡಿಸಿ ನೋಡಿದ. ಬೆರಳ ತುದಿಗಳಿದ್ದವು, ಅಂಗೈ ಇರಲಿಲ್ಲ.

"ಕಾರ್ಡ್ ಸರಿ ಇತ್ತ್ ಅಣ್ಣ," ಎಂದ ರತೀಶ್. "ನೀವ್ ಇವತ್ತೇ ಕಣ್ಣಿನ ಡಾಕ್ಟ್ರ ಹತ್ರ ಹೋಯ್ಕ್."

ಬಲಗಣ್ಣು ಶುಗರಿನಿಂದ ಮಂಜಾಗಿ ಬಹಳ ಕಾಲವಾಗಿತ್ತು. ಎಡಗಣ್ಣನ್ನಾದರೂ ತೋರಿಸಿಕೊಳ್ಳುತ್ತಿರಿ ಎಂದು ಡಾಕ್ಟರು ಬೈದು ಹೇಳಿದ್ದರು. ಫೋಟೋ ಹೊಡೆಯುವವನು ಹೇಗೂ ಒಂದು ಕಣ್ಣು ಮುಚ್ಚುವವನೇ, ಒಂದೇ ಸಾಕು ಎಂದು ತನಗೆ ತಾನೇ ತಮಾಷೆ ಮಾಡಿಕೊಂಡು, ಹೆಂಡತಿ ಸುಗುಣಳಿಗೂ ಹೇಳದೆ ಬಿಟ್ಟಿದ್ದ. ಮಗಳ ಮದುವೆಯ ದಿನ ಬೆಳಕು ನೋಡಿದ, ಫೋಕಸ್ ನೋಡಿದ. ಮಗಳನ್ನು ಆಮೇಲೆ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಕಣ್ತುಂಬ ನೋಡಿದರಾಯಿತು ಎಂದುಕೊಂಡಿದ್ದ. ಪೆಟ್ಟಿಗೆ ಹಿಡಿದು ಓಡಿಬಂದವಳನ್ನೂ, "ಹೋಗ್ ಮಗಾ, ಕಾರಿನವ್ರ್ ಕಾಯ್ತ್ರ್" ಎಂದು ಅವಸರದಲ್ಲಿ ಕಳಿಸಿಕೊಟ್ಟಿದ್ದ. ಅಯ್ಯೋ, ಅವತ್ತೇ ನೋಡಬೇಕಿತ್ತು! ಚಂದುವಿಗೆ ಅಳು ಬಂತು. ಮುಷ್ಟಿಯಿಂದ ಕಣ್ಣು ಉಜ್ಜಿಕೊಂಡ. ಉಜ್ಜಿದರೂ ಕಲೆ ಅಲ್ಲೇ ಇತ್ತು.

"ಹ್ವಾಯ್, ಊಟ ತಂದಿದೆ. ಬಂಗ್ಡೆ ಸಾರ್," ಎನ್ನುತ್ತ ಸುಗುಣ ಕ್ಯಾರಿಯರ್ ಹಿಡಿದು ಒಳಗೆ ಬಂದಳು.

ಚಂದು ಅವಳತ್ತ ತಿರುಗಿದ. ಸೀರೆ ಇತ್ತು, ಕ್ಯಾರಿಯರ್ ಇತ್ತು, ಕುತ್ತಿಗೆಯಿಂದ ಮೇಲಕ್ಕೆ ಬರೀ ಬೂದು. ದೃಷ್ಟಿಯನ್ನು ಚೂರು ಪಕ್ಕಕ್ಕೆ ಸರಿಸಿ ಅವಳ ಕಿವಿಯನ್ನು ನೋಡಿದ. ಆಗ ಅಂಚಿನಲ್ಲಿ, ನೀರಿನಡಿ ಇದ್ದಂತೆ, ಅವಳ ಮೂಗು, ಕೆನ್ನೆ, ಹಣೆಯ ಕುಂಕುಮ ಮೆಲ್ಲಗೆ ಮೂಡಿದವು. ಅವನು ರೆಪ್ಪೆ ಮುಚ್ಚಲಿಲ್ಲ.

"ಎಂತ, ಕೆಮಿ ಕಂಡ್ಕಂಡ್ ಕೂಕಂಡ್ರಿ? ಬೆಂಡೋಲೆ ಬಿದ್ ಹೋಯ್ತಾ?" ಸುಗುಣ ಗಾಬರಿಯಿಂದ ಕ್ಯಾರಿಯರ್ ಕೆಳಗಿಟ್ಟು ಕಿವಿ ಮುಟ್ಟಿ ನೋಡಿಕೊಂಡಳು.

"ಇಲ್ಲ, ಇತ್ತ್," ಎಂದ ಚಂದು. "ಹಾಂಗೇ ನಿಲ್ಲ್ ಮಾರಾಯ್ತಿ. ಒಂಚೂರ್ ಹಾಂಗೇ ನಿಲ್ಲ್."

ಏನೆಂದು ತಿಳಿಯದೆ ಸುಗುಣ ಎರಡೂ ಕಿವಿ ಹಿಡಿದುಕೊಂಡು ಹಾಗೇ ನಿಂತಳು.