ಪೆಟ್ಟಿಗೆಯಣ್ಣನ ಬೆಳಗಿನ ಕರೆ

ಆಫೀಸಿನಲ್ಲಿ ಅವನನ್ನು ಎಲ್ಲರೂ ಪೆಟ್ಟಿಗೆಯಣ್ಣ ಎನ್ನುತ್ತಿದ್ದರು. ತಪ್ಪು ಅವನದೇ. ಕಂಟೇನರ್ ಅಂದರೇನು ಎಂದು ಯಾರೋ ಬಾಯಿತಪ್ಪಿ ಕೇಳಿದ್ದಕ್ಕೆ ಊಟದ ಹೊತ್ತೆಲ್ಲ ತಲೆ ತಿಂದಿದ್ದ. "ಒಂದು ಪ್ರೋಗ್ರಾಂ ತನಗೆ ಬೇಕಾದ್ದನ್ನೆಲ್ಲ ಕಟ್ಕೊಂಡು ಪೆಟ್ಟಿಗೇಲಿ ಕೂತಿರುತ್ತೆ. ಅಂಥ ಪೆಟ್ಟಿಗೆಗಳನ್ನ ಎಬ್ಬಿಸೋಕೆ, ಮಲಗಿಸೋಕೆ ಕಂಪ್ಯೂಟರಲ್ಲಿ ಒಬ್ಬ ಮೇಸ್ತ್ರಿ ಇರ್ತಾನೆ. ಅವನೇ ಕಂಟೇನರ್ ಸರ್ವಿಸ್." ಕೇಳಿದವರು ಆಕಳಿಸುತ್ತ ಎದ್ದುಹೋದರು. ಹೆಸರು ಮಾತ್ರ ಅಂಟಿಕೊಂಡಿತು.

ಒಂಟಿಯಾಗಿರುವ ವಯಸ್ಸಾದವರಿಗೆ ದಿನಾ ಬೆಳಿಗ್ಗೆ ಫೋನ್ ಮಾಡಿ ಕ್ಷೇಮ ವಿಚಾರಿಸುವ ಸಂಸ್ಥೆ ಅದು. ವಿಚಾರಿಸುವುದು ಮನುಷ್ಯರಲ್ಲ, ಪೆಟ್ಟಿಗೆಯೊಳಗಿನ ಪ್ರೋಗ್ರಾಂ. ಚೆನ್ನಾಗಿದ್ದರೆ ಒಂದು ಒತ್ತಬೇಕು, ಸಹಾಯ ಬೇಕಿದ್ದರೆ ಎರಡು. ಎರಡು ಒತ್ತಿದರೂ, ಫೋನನ್ನೇ ಎತ್ತದಿದ್ದರೂ ಅವರ ಮನೆಯವರಿಗೆ ಕರೆ ಹೋಗುತ್ತದೆ. ಕರೆಯಲ್ಲಿ ಮಾತಾಡುವುದು ರೆಕಾರ್ಡ್ ಮಾಡಿಟ್ಟ ಪೆಟ್ಟಿಗೆಯಣ್ಣನ ದನಿ. ದುಡ್ಡಿಲ್ಲದೆ ಮಾತಾಡಲು ಬೇರೆ ಯಾರೂ ಒಪ್ಪಿರಲಿಲ್ಲ. ಪ್ರೋಗ್ರಾಂ ಪರೀಕ್ಷಿಸಲೆಂದು ಕರೆಯ ಪಟ್ಟಿಯ ಕೊನೆಯಲ್ಲಿ ತನ್ನನ್ನೂ ಸೇರಿಸಿಕೊಂಡಿದ್ದ. ಪರೀಕ್ಷೆ ಮುಗಿದು ವರ್ಷಗಳೇ ಆಗಿದ್ದವು, ತನ್ನ ಹೆಸರು ತೆಗೆಯಲು ಮನಸ್ಸು ಬಂದಿರಲಿಲ್ಲ. ಹೇಗಿದ್ದೀರಿ ಎಂದು ದಿನಾ ಕೇಳುವವರು ಅವನಿಗೆ ಬೇರೆ ಯಾರಿದ್ದರು?

ಆ ಬೆಳಿಗ್ಗೆ ಅವನು ಜ್ವರದಲ್ಲಿ ಬೇಯುತ್ತಿದ್ದ. ಮೂರನೆಯ ಮಹಡಿಯ ಒಂದೇ ಕೋಣೆ. ನೀರು ತುಂಬಿಸಿಕೊಳ್ಳಲು ಎದ್ದಾಗ ಕಣ್ಣು ಕತ್ತಲೆಗಟ್ಟಿ ನಲ್ಲಿಯ ಹತ್ತಿರವೇ ಕುಸಿದಿದ್ದ. ಗೋಡೆ ಹಿಡಿದು ಹಾಸಿಗೆಗೆ ಮರಳುವಷ್ಟರಲ್ಲಿ ಸಾಕುಸಾಕಾಗಿ, ಒಂದು ತೀರ್ಮಾನಕ್ಕೆ ಬಂದಿದ್ದ: ಇವತ್ತು ಕರೆ ಬಂದರೆ ಎರಡು ಒತ್ತಿಬಿಡುವುದು. ಯಾರಿಗಾದರೂ ತಾನೇ ಫೋನ್ ಮಾಡಿ "ಬಾ" ಎನ್ನುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಒಂದು ಗುಂಡಿ ಒತ್ತುವುದಾದರೆ ಸರಿ, ನಾಚಿಕೆಯಿಲ್ಲ. ಮನೆಯವರ ನಂಬರ್ ಎಂದು ಅಂದು ಯಾರದನ್ನು ಹಾಕಿದ್ದೆನೋ, ಅಕ್ಕನದೇ ಇರಬೇಕು ಅಂದುಕೊಂಡ.

ಕರೆಯ ಹೊತ್ತು ಮೀರಿತು. ಫೋನ್ ತೆಪ್ಪಗಿತ್ತು. ಹಾಸಿಗೆಯಲ್ಲೇ ಲ್ಯಾಪ್‌ಟಾಪ್ ಎಳೆದುಕೊಂಡು ಆಫೀಸಿನ ಕಂಪ್ಯೂಟರಲ್ಲಿ ಕಂಟೇನರ್ ಸರ್ವಿಸ್ ಓಡುತ್ತಿದೆಯೇ ಎಂದು ನೋಡಿದ. ಓಡುತ್ತಿದೆ ಎಂದು ಹಸಿರು ಅಕ್ಷರದಲ್ಲಿ ಉತ್ತರ ಬಂತು. ದಿನಾ ನೋಡುತ್ತಿದ್ದದ್ದೂ ಅಷ್ಟೇ. ಹಾಗಾದರೆ ನನ್ನನ್ನು ಮಾತ್ರ ಬಿಟ್ಟಿತೇ ಎಂದು ಮಗುವಿನ ಹಾಗೆ ಮುಖ ಊದಿಸಿಕೊಂಡು ಮಲಗಿದ. ಯಂತ್ರದ ಮೇಲೆ ಮುನಿಸಿಕೊಳ್ಳುವವನನ್ನು ಏನೆನ್ನಬೇಕೋ!

ಆಗ ಫೋನ್ ಬಂತು. ಸಂಸ್ಥೆಯ ದೂರಿನ ನಂಬರಿಗೆ ಬರುವ ಕರೆಗಳು ಅಂದಿನಂಥ ರಜಾದಿನಗಳಲ್ಲಿ ಅವನಿಗೇ ಬರುತ್ತಿದ್ದವು. ಮಾತಾಡಿದವರು ಕರೆಯ ಪಟ್ಟಿಯಲ್ಲಿದ್ದ ನಿವೃತ್ತ ಟೀಚರಮ್ಮ.

"ಏನಪ್ಪಾ, ದಿನಾ ಮಾತಾಡಿಸ್ತಾನಲ್ಲ ಆ ಹುಡುಗ, ಇವತ್ತು ಫೋನೇ ಮಾಡ್ಲಿಲ್ಲ? ಹುಷಾರಾಗಿದ್ದಾನೆ ತಾನೇ?"

"ಅದು ಹುಡುಗ ಅಲ್ಲಮ್ಮ, ಕಂಪ್ಯೂಟರು."

"ಯಾರಾದ್ರೇನು, ಕೇಳ್ತಾನಲ್ಲ! ನೀನು ಹೋಗಿ ನೋಡು, ಪಾಪ."

ಪೆಟ್ಟಿಗೆಯಣ್ಣ ಎದ್ದು ಕೂತ. ಬಿಟ್ಟದ್ದು ಅವನೊಬ್ಬನನ್ನಲ್ಲ. ಮೇಸ್ತ್ರಿ ಓಡಾಡುತ್ತಿದ್ದಾನೆ, ನಿಜ, ಪೆಟ್ಟಿಗೆಗಳು? ಒಳಗೆ ಓಡುತ್ತಿರುವ ಪೆಟ್ಟಿಗೆಗಳನ್ನು ತೋರಿಸೆಂದ. ಪರದೆಯ ಮೇಲೆ ಬರೀ ಪಟ್ಟಿಯ ತಲೆಬರಹ ಬಂತು, ಕೆಳಗೆ ಏನೂ ಇಲ್ಲ. ನಿನ್ನೆ ಕರೆಗಳು ಮುಗಿದ ಮೇಲೆ ಯಾವಾಗಲೋ ಆಫೀಸಿನ ಕಂಪ್ಯೂಟರ್ ತಾನಾಗಿಯೇ ಆರಿ ಮತ್ತೆ ಶುರುವಾಗಿತ್ತು. ಮೇಸ್ತ್ರಿ ಎದ್ದಿದ್ದ. ಆದರೆ ಈಚೆಗೆ ಹಳೆಯದನ್ನು ತೆಗೆದು ಹೊಸ ಪೆಟ್ಟಿಗೆಯನ್ನು ಇಟ್ಟ ದಿನ, ಹಾಗೇನಾದರೂ ಆದರೆ ನೀನೂ ಏಳು ಎಂದು ಅದಕ್ಕೆ ಹೇಳಿಡುವುದನ್ನೇ ಅವನು ಮರೆತಿದ್ದ. ಅಷ್ಟು ಜನ ಮುದುಕರು ತಮ್ಮ ಫೋನ್ ನೋಡುತ್ತ ಕೂತಿದ್ದಾರೆ, ಅವರಲ್ಲಿ ಯಾರು ಬಿದ್ದಿದ್ದಾರೋ!

ಪೆಟ್ಟಿಗೆಯನ್ನು ಎಬ್ಬಿಸಿದ. ಕರೆಗಳು ಹೊರಟವು. ಒಬ್ಬೊಬ್ಬರಾಗಿ ಒಂದು ಒತ್ತಿದರು. ಟೀಚರಮ್ಮ ಒತ್ತಿದ್ದು ಎಷ್ಟು ಬೇಗವೆಂದರೆ ಮಾತು ಮುಗಿಯಲೂ ಬಿಟ್ಟಿರಲಿಲ್ಲ. ಒಬ್ಬರು ಎತ್ತಲಿಲ್ಲ, ಅವರ ಮಗಳಿಗೆ ಕರೆ ಹೋಯಿತು, ಅವಳು ಹೋಗಿ ನೋಡಿ, ಅಪ್ಪ ಸ್ನಾನಕ್ಕೆ ಹೋಗಿದ್ದರು ಎಂದು ದೂರಿನ ನಂಬರಿಗೆ ತಿಳಿಸಿದಳು. ಯಾರಿಗೂ ಏನೂ ಆಗಿರಲಿಲ್ಲ. ಪೆಟ್ಟಿಗೆಯಣ್ಣನಿಗೆ ಹೋದ ಜೀವ ಬಂದ ಹಾಗಾಯಿತು.

ಕೊನೆಗೆ ಅವನ ಸರದಿ. "ನಮಸ್ಕಾರ, ಹೇಗಿದ್ದೀರಿ?" ಎಂದು ಅವನದೇ ದನಿ, ಇನ್ನೂ ಹುರುಪಿದ್ದ ಕಾಲದ್ದು, ಕೇಳಿತು. ಅವನು ಎರಡು ಒತ್ತಿದ. ಇಷ್ಟು ವರ್ಷದಲ್ಲಿ ಮೊದಲ ಸಲ. ಕಣ್ಣು ಮುಚ್ಚಿ, ಅಕ್ಕ ಫೋನ್ ಎತ್ತಿ ಗಾಬರಿಯಾಗುವುದನ್ನೂ ಭಾವನನ್ನು ಕೂಗುವುದನ್ನೂ ನೆನೆಯುತ್ತ ಮಲಗಿದ.

ಕೈಯಲ್ಲಿದ್ದ ಫೋನೇ ಮತ್ತೆ ಹೊಡೆದುಕೊಂಡಿತು.

"ನಮಸ್ಕಾರ. ನಿಮ್ಮವರೊಬ್ಬರಿಗೆ ಸಹಾಯ ಬೇಕಾಗಿದೆ. ದಯವಿಟ್ಟು ಕೂಡಲೇ ಅವರ ಮನೆಗೆ ಹೋಗಿ ನೋಡಿ."

ಅವನಿಗೆ ನಗು ಬಂತು, ನಗು ಕೆಮ್ಮಾಯಿತು, ಆಮೇಲೆ ಅಳುವೇ ಬಂತು. ಮನೆಯವರ ನಂಬರಿಲ್ಲದೆ ಪ್ರೋಗ್ರಾಂ ಯಾರನ್ನೂ ಸೇರಿಸಿಕೊಳ್ಳುತ್ತಿರಲಿಲ್ಲ. ಪರೀಕ್ಷೆಗೆ ತಾನೇ, ಯಾವುದಾದರೇನು ಎಂದು ಅಲ್ಲೂ ತನ್ನ ನಂಬರನ್ನೇ ಒತ್ತಿದ್ದ. ಅಕ್ಕನ ಜೊತೆ ಜಗಳವೇನೂ ಆಗಿರಲಿಲ್ಲ. ಜಗಳವಾಗಿದ್ದರೆ ರಾಜಿಯಾದರೂ ಆಗಬಹುದಿತ್ತು. ಅಮ್ಮ ಹೋದ ಮೇಲೆ ಮಾತು ಸುಮ್ಮನೆ ಕಡಿಮೆಯಾಗುತ್ತ ಬಂದು, ಒಂದು ದಿನ ನಿಂತಿತ್ತು.

ಬಹಳ ಹೊತ್ತು ಫೋನನ್ನು ಎದೆಯ ಮೇಲಿಟ್ಟುಕೊಂಡಿದ್ದ. ಕೊನೆಗೆ ತಾನೇ ಕರೆ ಮಾಡಿದ.

"ಯಾರು? ನೀನಾ? ಏನೋ ಇದ್ದಕ್ಕಿದ್ದ ಹಾಗೆ!" ಎಂದಳು ಅಕ್ಕ. ಹಿಂದೆ ಪಾತ್ರೆಗಳ ಸದ್ದು.

ಜ್ವರ ಎನ್ನಬೇಕೆಂದಿದ್ದ, ಬಾ ಎನ್ನಬೇಕೆಂದಿದ್ದ. ಬಾಯಿಗೆ ಬಂದದ್ದು ಬೇರೆಯೇ.

"ಅಕ್ಕಾ, ಒಂದು ಕಡೆ ಮನೆಯವರ ನಂಬರ್ ಕೊಡ್ಬೇಕು. ನಿನ್ನದು ಹಾಕ್ಲಾ?"

"ಅದಕ್ಕೆ ಕೇಳ್ಬೇಕೇನೋ? ಇಷ್ಟು ದಿನ ಯಾರದು ಹಾಕಿದ್ದೆ?"

"ನಂದೇ."

ಆ ಕಡೆ ಪಾತ್ರೆಗಳ ಸದ್ದು ನಿಂತಿತು.