ಹೇಳಿದರೆ ಕೇಳದ ಕೈ

"ನಾಟಕ ಸಾಕು ಮಾಡೋ! ಬಾಚಣಿಗೇನ ಯಾರಾದ್ರೂ ಬಾಯಿಗಿಡ್ತಾರಾ?"

ಅಕ್ಕನ ಕೂಗು ಬೀದಿಗೆಲ್ಲ ಕೇಳಿತು. ತಮ್ಮ ದರ್ಜಿ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ, ಆಸ್ಪತ್ರೆಯಿಂದ ಆಗಷ್ಟೇ ಮನೆಗೆ ಬಂದಿದ್ದ. ಗಾಯ ಮಾಸಿತ್ತು, ಕೈಯಲ್ಲಿ ಬಲವಿತ್ತು. ಆದರೂ ಕನ್ನಡಿಯ ಮುಂದೆ ನಿಂತು ಬಾಚಣಿಗೆಯಿಂದ ಹಲ್ಲುಜ್ಜಲು ಹೊರಟಿದ್ದ.

"ಅವರನ್ಯಾಕೆ ಬೈತೀರಿ ಅಕ್ಕ?" ಹೆಂಡತಿ ಅಡ್ಡ ಬಂದಳು.

"ಬೈಯದೆ ಮುದ್ದಾಡಲಾ? ನಿನ್ನೆ ಡಾಕ್ಟರು ಟಾಟಾ ಮಾಡಿ ಅಂದಾಗ ಕಲ್ಲಿನ ಹಾಗೆ ಕೂತಿದ್ದ. ಅವರು ಬಾಗಿಲು ದಾಟಿದ್ದೇ ತಡ, ಚೆನ್ನಾಗಿ ಕೈ ಬೀಸಿದ! ಅಂಗಡಿಗೆ ಹೋಗೋಕೆ ಸೋಮಾರಿತನ, ಅಷ್ಟೇ. ಆ ಹೊಲಿಗೆ ಮೆಷಿನ್ ಮಾರಿಬಿಡ್ತೀನಿ, ನೋಡ್ತಿರು!"

ತಮ್ಮನ ಕಣ್ಣು ತುಂಬಿತು. "ಮನಸ್ಸಲ್ಲಿದೆ ಅಕ್ಕ. ಕೈಗೆ ಬರ್ತಿಲ್ಲ."

ಅಷ್ಟರಲ್ಲಿ ಆಸ್ಪತ್ರೆಯ ಥೆರಪಿ ಮೇಡಂ ಬಂದರು. ಎಲ್ಲ ಕೇಳಿಸಿಕೊಂಡು ಹೇಳಿದರು: "ಇದು ನಾಟಕ ಅಲ್ಲಮ್ಮ. ಯಾವ ಕೆಲಸಕ್ಕೆ ಕೈ ಹೇಗೆ ಆಡಬೇಕು ಅಂತ ಮಿದುಳು ಲೆಕ್ಕ ಹಾಕುತ್ತಲ್ಲ, ಪೆಟ್ಟು ಬಿದ್ದಿರೋದು ಅಲ್ಲಿಗೆ. ಮಾಡು ಅಂದ್ರೆ ಕೈ ತಡವರಿಸುತ್ತೆ. ತಾನಾಗೇ ಆಗೋವಾಗ ಎಷ್ಟೋ ಸಲ ಸಲೀಸಾಗಿ ಆಗುತ್ತೆ. ನೀವು ಕೂಗಿದಷ್ಟೂ ಗೊಂದಲ ಜಾಸ್ತಿ."

"ನಾನೆಲ್ಲಿ ಕೂಗ್ತೀನಿ!" ಅಕ್ಕ ಕೂಗಿದಳು. ಅಳುತ್ತಿದ್ದ ತಮ್ಮನಿಗೂ ನಗು ಬಂತು.

ಮೇಡಂ ಬ್ರಶ್ಶು ಎತ್ತಿಟ್ಟು, ಬಾಚಣಿಗೆಯೊಂದನ್ನೇ ಅವನ ಕೈಗೆ ಕೊಟ್ಟರು. ಮಾತಿಲ್ಲದೆ, ಅವನ ಕೈ ಹಿಡಿದು ತಲೆಗೆ ಒಯ್ದರು. ಮತ್ತೊಮ್ಮೆ ಒಯ್ದರು. ಆಮೇಲೆ ಮೆಲ್ಲಗೆ ಬಿಟ್ಟರು. ಕೈ ತಾನೇ ಬಾಚಿತು.

"ದಿನಾ ಅದೇ ಜಾಗ, ಅದೇ ಹೊತ್ತು. ಒಂದು ಸಲಕ್ಕೆ ಒಂದೇ ಕೆಲಸ. ಮಾತು ಕಮ್ಮಿ."

"ಮಾತು ಕಮ್ಮಿ ಮಾಡಿದ್ರೆ ನಾನು ಕಾಯಿಲೆ ಬೀಳ್ತೀನಿ" ಅಂದಳು ಅಕ್ಕ. ಆದರೂ ಬಾಯಿಗೆ ಬೀಗ ಹಾಕಿಕೊಂಡಳು.

ತಿಂಗಳುಗಳು ಹಿಡಿದವು. ಮೊದಲು ಬಾಚಣಿಗೆ, ಆಮೇಲೆ ಅಂಗಿಯ ಗುಂಡಿ, ಚಹಾ ಕದಡುವುದು. ಒಮ್ಮೆ ಚಮಚ ಎಣ್ಣೆ ಬಾಟಲಿಗೆ ಹೋದಾಗ ಮೂವರೂ ಬಿದ್ದು ಬಿದ್ದು ನಕ್ಕರು. ಅಂಗಡಿಯ ಪಾಲುದಾರ ದಿನಾ ಬಂದು ಕರೆದೊಯ್ದು ಮೆಷಿನ್ ಮುಂದೆ ಕೂರಿಸಿ, ಹಳೇ ಬಟ್ಟೆ ಕೊಟ್ಟು ನೇರ ಹೊಲಿಗೆ ಅಭ್ಯಾಸ ಮಾಡಿಸಿದ. ಕತ್ತರಿ ಮಾತ್ರ ತನ್ನ ಕೈಯಲ್ಲೇ ಇಟ್ಟುಕೊಂಡ.

ಇವತ್ತು ಬೆಳಿಗ್ಗೆ ದರ್ಜಿ ತಾನೇ ತಲೆ ಬಾಚಿ, ಗುಂಡಿ ಹಾಕಿ, ಚಪ್ಪಲಿ ಮೆಟ್ಟಿದ. "ಅಂಗಡಿ ನೋಡ್ಕೊಂಡು ಈಗ್ಲೇ ಬಂದೆ" ಎಂದು ಹೊರಟ.

ಊಟದ ಹೊತ್ತು ಮೀರಿತು. ಅಕ್ಕ ಬಾಗಿಲಿಗೂ ಒಲೆಗೂ ಓಡಾಡಿದಳು. "ಈಗ್ಲೇ ಬಂದೆ ಅಂದೋನು ಎಲ್ಲಿ ಸತ್ತ?"

"ತಿರುವಿನಲ್ಲಿರೋ ನಮ್ಮ ಅಂಗಡಿ ಕಡೆ ಕಿವಿ ಕೊಡಿ ಅಕ್ಕ" ಅಂದಳು ಹೆಂಡತಿ. ಹೊಲಿಗೆ ಮೆಷಿನ್ ಗಡಗಡ ಅನ್ನುತ್ತಿತ್ತು. "ಹೇಗೆ, ಮೆಷಿನ್ ಮಾರ್ತೀರಾ?"

ಅಕ್ಕ ಒಲೆ ಬಿಟ್ಟು ಹೊಸ್ತಿಲ ಮೇಲೆ ಕೂತು ಆ ಸದ್ದು ಕೇಳತೊಡಗಿದಳು.

ಓದುವವರೇ, ತಲೆಗೆ ಪೆಟ್ಟು ಬಿದ್ದವರು, ಲಕ್ವ ಹೊಡೆದವರು ನಿಮ್ಮ ಮನೆಯಲ್ಲೂ ಇರಬಹುದು. ಕೈಯಲ್ಲಿ ಬಲವಿದ್ದೂ ಮೊದಲು ಬರುತ್ತಿದ್ದ ಕೆಲಸ ಮರೆತರೆ, ತಟ್ಟೆಯ ಒಂದು ಬದಿಯ ಅನ್ನ ಕಾಣದವರಂತೆ ಬಿಟ್ಟರೆ, ನಾಟಕ ಅನ್ನುವ ಮೊದಲು ನಾಲಿಗೆ ಕಚ್ಚಿಕೊಳ್ಳಿ. ಆಸ್ಪತ್ರೆಗೆ ಕರೆದೊಯ್ಯಿರಿ, ಥೆರಪಿ ಕೇಳಿ ಪಡೆಯಿರಿ. ಪೂರ್ತಿ ಸರಿಹೋಗುತ್ತದೆಂದು ಯಾರೂ ಬರೆದುಕೊಡಲಾರರು. ಆದರೆ ಬೈಗುಳದಿಂದ ಯಾರ ಕೈಯೂ ಸರಿಹೋಗಿಲ್ಲ.

ನಮ್ಮ ದರ್ಜಿ ಇನ್ನೂ ಮನೆಗೆ ಬಂದಿಲ್ಲ. ಊಟ ಆರುತ್ತಿದೆ. ಆರಲಿ ಬಿಡಿ!